ನನ್ನನ್ನು ಕೊಂದ ಗುಮಾಸ್ತ

ಉಡುಪಿಯಲ್ಲಿ ಒಂದು ಸಭೆ. ಹುಟ್ಟಿ ವರ್ಷ ದಾಟಿದ್ದ ಮಂಡಲ ಪಂಚಾಯತುಗಳ ಪ್ರಧಾನರು, ಸದಸ್ಯರು, ನಮ್ಮಂಥ ಗುಮಾಸ್ತರು, ಎಲ್ಲರನ್ನೂ ಕರೆಸಿದ್ದರು. ಚಹಾದ ಬಿಡುವಿನಲ್ಲಿ ಮಂಗಳೂರಿನಿಂದ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ನಾವು ನಿಂತಿದ್ದ ಮೂಲೆಗೆ ಬಂದರು. ನಮ್ಮ ಮಂಡಲದ ಸದಸ್ಯೆಯನ್ನು ಮಾತನಾಡಿಸಿ, ನನ್ನ ಕಡೆ ನೋಡಿ, "ಇವರು ಯಾರು?" ಎಂದು ಕೇಳಿದರು.

"ಇವನಾ? ಇವನನ್ನು ಭೂಮಿಗೆ ಇಳಿಸಿದವಳು ನಾನು. ನನ್ನನ್ನು ಕೊಂದವನು ಇವನು," ಎಂದರು ಸದಸ್ಯೆ.

ಅಧಿಕಾರಿಯ ಕೈಯಲ್ಲಿದ್ದ ಚಹಾದ ಕಪ್ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ನನ್ನ ಕಿವಿಯ ತುದಿ ಬಿಸಿಯಾಯಿತು. ಅವರು ಮಾತ್ರ ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಾ, ಹೇಳಬೇಕಾದ್ದನ್ನು ಹೇಳಿದ ಸಮಾಧಾನದಲ್ಲಿ ನಿಂತಿದ್ದರು. ಹೇಳಿದ ಎರಡು ಮಾತುಗಳಲ್ಲಿ ಒಂದೂ ಸುಳ್ಳಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನ ಅರ್ಧ ಜನಕ್ಕೆ ಅದು ಯಾರೆಂದು ಗೊತ್ತಾಗದು. ಬೆಳ್ಮಣ್ಣಿನ ಬಸ್ಸು ಇಳಿದು ಒಳಗೆ ನಡೆಯುವ ನಮ್ಮ ಊರುಗಳಲ್ಲಿ ಅವರು ನರ್ಸಕ್ಕ. ಮದುವೆಯ ಕಾಗದದಲ್ಲಿ ನರ್ಸಕ್ಕ, ಕೋಳಿ ಕದ್ದವರ ಪಂಚಾಯಿತಿಕೆಯಲ್ಲಿ ನರ್ಸಕ್ಕ, ಕೊನೆಗೆ ಚುನಾವಣೆಯ ಗೋಡೆಬರಹದಲ್ಲೂ ‘ನರ್ಸಕ್ಕನಿಗೇ ನಿಮ್ಮ ಮತ’. ಹುಟ್ಟಿದ್ದು ಕಾಪುವಿನ ಕಡಲ ಬದಿಯಲ್ಲಿ. ಸರಕಾರಿ ನರ್ಸು ಕೆಲಸಕ್ಕೆಂದು ಕಾರ್ಕಳ ತಾಲೂಕಿನ ಈ ಗುಡ್ಡದ ಊರಿಗೆ ಬಂದವರು ಇಲ್ಲಿಯವರೇ ಆಗಿಹೋದರು. ಬೇಗ ಗಂಡನನ್ನು ಕಳೆದುಕೊಂಡರು. ಮಕ್ಕಳಿಲ್ಲ. ‘ಮಕ್ಕಳಿಲ್ಲ’ ಎಂದು ಯಾರಾದರೂ ಅಯ್ಯೋ ಪಾಪ ಮಾಡಿದರೆ ಅವರಿಗೆ ಕೋಪ ಬರುತ್ತಿತ್ತು. "ನನ್ನ ಕೈಗೆ ಬಿದ್ದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇಲ್ಲಿಂದ ಕಾರ್ಕಳದವರೆಗೆ ಉಂಟು," ಎನ್ನುತ್ತಿದ್ದರು. ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಾನೂ ಇದ್ದೇನೆ.

ಎಡಭುಜದ ಹತ್ತಿರ ಸೀರೆಗೆ ಪಿನ್ನು ಹಾಕಿ ತಲೆಕೆಳಗಾಗಿ ನೇತಾಡಿಸಿದ ಒಂದು ಪುಟ್ಟ ಗಡಿಯಾರ. ನಿವೃತ್ತಿಯಾದ ಮೇಲೂ ಅದು ಅಲ್ಲಿಂದ ಇಳಿಯಲಿಲ್ಲ. ಮಾತನಾಡುವಾಗ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು ಅವರ ಅಭ್ಯಾಸ. ಗೊತ್ತಿಲ್ಲದವರು ಅದನ್ನು ಪ್ರೀತಿ ಎಂದುಕೊಳ್ಳುತ್ತಿದ್ದರು. ಪ್ರೀತಿಯೂ ಇತ್ತು, ಆದರೆ ಬೆರಳು ನಾಡಿಯ ಮೇಲಿರುತ್ತಿತ್ತು. ನಮ್ಮ ಪ್ರಧಾನರು ಅಕ್ಕಿಗಿರಣಿಯ ಯಜಮಾನರು, ಮಾತಿನಲ್ಲಿ ಜಾಣರು. ಅವರೇನಾದರೂ ನೆಪ ಹೇಳಲು ಸುರುಮಾಡಿದರೆ ನರ್ಸಕ್ಕ ಮೆಲ್ಲನೆ ಅವರ ಕೈ ಹಿಡಿದು, "ಪ್ರಧಾನರೇ, ನಿಮ್ಮ ಬಾಯಿ ನಿಧಾನ ಹೋಗ್ತಾ ಉಂಟು, ನಾಡಿ ಓಡ್ತಾ ಉಂಟು. ಯಾವುದನ್ನು ನಂಬುವುದು?" ಎಂದು ಕೇಳುತ್ತಿದ್ದರು. ಸಭೆಯಲ್ಲಿ ನಗು. ಪ್ರಧಾನರೂ ನಗುತ್ತಿದ್ದರು, ಕೈ ಮಾತ್ರ ಬಿಡಿಸಿಕೊಳ್ಳುತ್ತಿದ್ದರು.

ನರ್ಸಕ್ಕ ನಿವೃತ್ತರಾಗುವ ಹೊತ್ತಿಗೆ ನಮ್ಮ ಊರುಗಳ ಬಣ್ಣವೇ ಬದಲಾಗಿತ್ತು. ಎಪ್ಪತ್ತರ ಸುರುವಿನಲ್ಲಿ ಒಂದು ಹೆರಿಗೆ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಮನೆಯಿಂದ ಜನ ಬಂದು ಕಾಯುತ್ತಿದ್ದರಂತೆ. ಎಂಬತ್ತರ ನಡುವಿನಲ್ಲಿ ಆರೋಗ್ಯ ಉಪಕೇಂದ್ರದ ಬೆಂಚಿನಲ್ಲಿ ಬಸುರಿಯರು ಕೂರುವಲ್ಲಿ ಮಂಡಿನೋವಿನವರು, ದಮ್ಮಿನವರು, ಕಣ್ಣಿಗೆ ಪೊರೆ ಬಂದವರು ಕೂತಿದ್ದರು. "ನಾನು ಇಳಿಸಿದ ಮಕ್ಕಳೆಲ್ಲ ಬೊಂಬಾಯಿ ಹೋಟೆಲಿನಲ್ಲಿ, ದುಬೈಯಲ್ಲಿ. ಹೆತ್ತವರು ಇಲ್ಲೇ ಉಳಿದರು. ಹಾಗಾಗಿ ನನ್ನ ಕೆಲಸ ಮುಗಿಯಲಿಲ್ಲ ಮಗಾ. ಬರುವವರ ತಲೆಯ ಕಡೆಯಿಂದ ಹೋಗುವವರ ಕಾಲಿನ ಕಡೆಗೆ ಬಂದೆ, ಅಷ್ಟೇ," ಎಂದಿದ್ದರು ಒಮ್ಮೆ. ನನಗೆ ಅದು ತಮಾಷೆಯ ಮಾತಾಗಿ ಕೇಳಿಸಿತ್ತು.

ಮಂಡಲ ಪಂಚಾಯತ್ ಬಂದದ್ದು ಆ ಹೊತ್ತಿಗೆ. ಅದು ಒಳ್ಳೆಯದಕ್ಕೇ ಬಂತು, ಇವತ್ತಿಗೂ ನಾನು ಹಾಗೆಯೇ ಹೇಳುತ್ತೇನೆ. ಹೆಂಗಸರಿಗೆ ಕುರ್ಚಿ ಸಿಕ್ಕಿತು. ಬೆಂಗಳೂರಿನಲ್ಲಿ ಆಗುತ್ತಿದ್ದ ಕೆಲವು ತೀರ್ಮಾನಗಳು ನಮ್ಮ ಮೇಜಿಗೆ ಬಂದವು. ಉದ್ಘಾಟನೆಯ ದಿನ ಬಂದ ಅತಿಥಿಗಳು, "ಇನ್ನು ಮುಂದೆ ಅಧಿಕಾರ ನಿಮ್ಮ ಮನೆಯ ಬಾಗಿಲಿಗೇ," ಎಂದು ಭಾಷಣ ಮಾಡಿದರು. ಆದರೆ ನಾಲ್ಕು ಊರಿನ ನಾಲ್ಕು ಪುಟ್ಟ ಪಂಚಾಯತುಗಳನ್ನು ಸೇರಿಸಿ ಒಂದು ಮಾಡಿದ್ದರಿಂದ ಕಚೇರಿಯೂ ಒಂದೇ ಆಯಿತು. ಮೊದಲು ಪ್ರತಿ ಊರಲ್ಲೂ ಬಸ್ಸು ನಿಲ್ಲುವಲ್ಲಿ ಒಂದು ಕೋಣೆ, ಎದುರಿಗೊಂದು ಬೆಂಚು ಇತ್ತು. ಈಗ ಮಂಡಲದ ಕಚೇರಿ ಒಂದು ಗೊಬ್ಬರದ ಗೋದಾಮಿನ ಮಾಳಿಗೆಯಲ್ಲಿ. ಕೆಂಪುಕಲ್ಲಿನ ಹದಿನೇಳು ಮೆಟ್ಟಿಲು. ಭಾಷಣ ಕೇಳಿ ಇಳಿಯುವಾಗ ನರ್ಸಕ್ಕ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಎಣಿಸಿದರು. ಕೆಳಗೆ ಬಂದು, "ಅಧಿಕಾರ ಹತ್ತಿರ ಬಂತು ಮಾರಾಯ, ಕಚೇರಿ ದೂರ ಹೋಯಿತು," ಎಂದರು.

ನಾಲ್ಕು ಊರಿನ ಪುಸ್ತಕಗಳನ್ನು ಒಂದು ಮಾಡುವ ಕೆಲಸ ನನಗೆ ಬಿತ್ತು. ನನ್ನ ಕೈಬರಹ ಚೆಂದ ಎಂಬುದೇ ಅದಕ್ಕೆ ಕಾರಣ. ಅದರಲ್ಲಿ ಒಂದು ಹಿರಿಯರ ಪುಸ್ತಕ. ಅರುವತ್ತು ದಾಟಿದವರ ಹೆಸರೆಲ್ಲ ಅದರಲ್ಲಿ. ವೃದ್ಧಾಪ್ಯ ವೇತನಕ್ಕೂ ಅದೇ, ಕಣ್ಣಿನ ಕ್ಯಾಂಪಿಗೂ ಅದೇ. ನರ್ಸಕ್ಕನ ಊರಿನ ಪುಸ್ತಕವನ್ನು ಬರೆದವರು ಹಳೆಯ ಕಾರ್ಯದರ್ಶಿ, ಅತಿ ಮೆತ್ತಗಿನ ಮನುಷ್ಯ. ಮೂವತ್ತು ವರ್ಷ ಅದೇ ಮೇಜಿನಲ್ಲಿ ಕೂತವರು, ನಿವೃತ್ತರಾಗಿ ಮೂಡಬಿದ್ರೆಯ ಕಡೆ ಮಗಳ ಮನೆ ಸೇರಿದ್ದರು. ಅವರ ಪುಸ್ತಕದಲ್ಲಿ ಕೆಲವು ಹೆಸರುಗಳ ಮೇಲೆ ಪೆನ್ಸಿಲಿನಲ್ಲಿ ಒಂದು ತೆಳುಗೆರೆ, ಮಾತಿಲ್ಲ ಕತೆಯಿಲ್ಲ. ಇನ್ನು ಕೆಲವು ಹೆಸರುಗಳ ಮುಂದೆ ಒಂದೇ ಪದ: ‘ಹೋದರು’.

ತಾಲೂಕಿನಿಂದ ಬಂದ ಹೊಸ ನಮೂನೆಯಲ್ಲಿ ಒಂದು ಅಂಕಣವಿತ್ತು. ‘ಜೀವಂತ’ ಅಥವಾ ‘ಮೃತ’ ಎಂದು ತುಂಬಬೇಕು. ನಮ್ಮ ಕಡೆ ಹಿರಿಯರು ತೀರಿಕೊಂಡರೆ ಸತ್ತರು ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ನನ್ನ ಅಜ್ಜಿಯಂತೂ ಆ ಪದ ಕೇಳಿದರೇ ‘ಬಿಡ್ತು ಅನ್ನು’ ಎಂದು ಗದರುತ್ತಿದ್ದರು. ‘ಹೋದರು’ ಎಂದರೆ ಮುಗಿಯಿತು, ಎಲ್ಲರಿಗೂ ಅರ್ಥವಾಗುತ್ತದೆ. ನನಗೂ ಅರ್ಥವಾಯಿತು. ‘ಹೋದರು’ ಎಂದಿದ್ದ ಹನ್ನೊಂದು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ, ದುಂಡಗೆ, ‘ಮೃತ’ ಎಂದು ಬರೆದೆ. ಗೆರೆ ಬಿದ್ದ ಹೆಸರುಗಳು ಎರಡೆರಡು ಸಲ ಬಂದವಿರಬೇಕೆಂದು ಅವನ್ನು ಹೊಸ ಪುಸ್ತಕದಲ್ಲಿ ಬಿಟ್ಟೇಬಿಟ್ಟೆ. ಮೂಡಬಿದ್ರೆಗೆ ಒಂದು ಕಾರ್ಡು ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಅದರ ಒಂದು ಪ್ರತಿ ತಾಲೂಕಿಗೆ ಹೋಯಿತು.

ಕೆಲವು ದಿನಗಳ ಮೇಲೆ ನರ್ಸಕ್ಕ ಮೆಟ್ಟಿಲು ಹತ್ತಿ ಬಂದರು. ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಮಾಡಬೇಕು, ಮಣಿಪಾಲದಿಂದ ಡಾಕ್ಟರರು ಬರಲು ಒಪ್ಪಿದ್ದಾರೆ, ಪಟ್ಟಿ ಕೊಡು ಎಂದರು. ನಾನು ಹೆಮ್ಮೆಯಿಂದ ಹೊಸ ಪುಸ್ತಕ ಎದುರಿಗಿಟ್ಟೆ. ಅವರು ಬೆರಳಿಟ್ಟು ಓದುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಇನ್ನೊಂದು ಕೈ ನಿಧಾನವಾಗಿ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಮಗಾ, ನಾನು ಯಾವಾಗ ಸತ್ತದ್ದು?"

"ಎಂತ ನರ್ಸಕ್ಕ?"

"ಇಲ್ಲಿ ನೋಡು. ನನ್ನ ಹೆಸರು, ಗಂಡನ ಹೆಸರು, ಮನೆಯ ಹೆಸರು. ಎಲ್ಲ ಸರಿ ಉಂಟು. ಮುಂದೆ ‘ಮೃತ’. ಅಕ್ಷರ ಮಾತ್ರ ಮುತ್ತಿನ ಹಾಗೆ ಉಂಟು ಮಾರಾಯ!"

ಬರೆಯುವಾಗ ಆ ಹೆಸರು ನರ್ಸಕ್ಕನದೆಂದು ನನಗೂ ಹೊಳೆದಿರಲಿಲ್ಲ. ನಾನು ಓಡಿ ಹಳೆಯ ಪುಸ್ತಕ ತಂದೆ. ಅವರ ಹೆಸರಿನ ಮುಂದೆ ‘ಹೋದರು’. ಅವರು ಓದಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೌದು, ಹೋದೆ. ತಂಗಿಯ ಮಗಳ ಬಾಣಂತನಕ್ಕೆ ಬೊಂಬಾಯಿಗೆ ಹೋದೆ. ನಾಲ್ಕು ತಿಂಗಳಲ್ಲಿ ವಾಪಸು ಬಂದೆ ಕೂಡ. ಆ ಕಾರ್ಯದರ್ಶಿ ಪಾಪ, ಊರು ಬಿಟ್ಟವರ ಹೆಸರಿನ ಮುಂದೆ ಹಾಗೆ ಬರೀತಿದ್ದರು. ಬಂದ ಮೇಲೆ ಉಜ್ಜಿ ಅಳಿಸುತ್ತಿದ್ದರು. ನಾನು ಬರುವಾಗ ಅವರೇ ನಿವೃತ್ತರಾಗಿದ್ದರಲ್ಲ, ಅಳಿಸುವವರು ಯಾರು?"

"ಹಾಗಾದರೆ ಸತ್ತವರು?"

"ಈ ಪೆನ್ಸಿಲಿನ ಗೆರೆ ಬಿದ್ದವರು. ‘ಸತ್ತರು’ ಅಂತ ಬರೆಯಲಿಕ್ಕೆ ಕಾರ್ಯದರ್ಶಿಯ ಕೈಯಲ್ಲಿ ಆಗುತ್ತಿರಲಿಲ್ಲ."

ನಾನೂ ನಕ್ಕೆ. ಜವಾನ ಸುಂದರನೂ ನಕ್ಕ. ನಗು ನಿಂತ ಮೇಲೆ ಅವರು, "ಇನ್ನೂ ಹತ್ತು ಜನ ಹೀಗೆ ‘ಹೋಗಿದ್ದಾರೆ’ ನೋಡು. ಮಳೆಗಾಲಕ್ಕೆಂದು ಮಕ್ಕಳ ಹತ್ತಿರ ಹೋದವರು, ಸುಮಾರು ಜನ ಬಂದಾಗಿದೆ. ಇವತ್ತೇ ತಾಲೂಕಿಗೆ ಬರೆ," ಎಂದರು. ಬರೆಯುತ್ತೇನೆ ಎಂದೆ. ಅವರ ಹೆಸರನ್ನು ಅವರೆದುರಿಗೇ ತಿದ್ದಿದೆ. ಎದುರಿಗೆ ನಿಂತ ಸದಸ್ಯೆಯಲ್ಲವೇ! ಉಳಿದವರ ವಿಷಯದಲ್ಲಿ ಮನೆಮನೆಗೆ ಹೋಗಿ ವಿಚಾರಣೆ ಮಾಡಿ ವರದಿ ಬರೆಯಬೇಕಿತ್ತು. ಬರುವ ವಾರ ಎಂದುಕೊಂಡೆ. ಆ ವಾರ ಬಂತು, ಹೋಯಿತು. ಎರಡು ಸಲ ನರ್ಸಕ್ಕ ಕೇಳಿದರು. ಎರಡನೆಯ ಸಲ ನಾನು, "ಕಳಿಸಿದೆ ನರ್ಸಕ್ಕ," ಎಂದೆ. ಹಾಗೆ ಹೇಳುವಾಗ ಎರಡೂ ಕೈಗಳನ್ನು ಟೈಪ್‌ರೈಟರಿನ ಮೇಲೆಯೇ ಇಟ್ಟುಕೊಂಡಿದ್ದೆ. ನಾಡಿ ಅವರಿಗೆ ಸಿಗದಿರಲಿ ಎಂದು. ಇಷ್ಟು ವರ್ಷವಾದ ಮೇಲೂ ಆ ಕೈಗಳು ನನಗೆ ಕಾಣುತ್ತವೆ.

ಸುಡು ಬೇಸಿಗೆಯ ಒಂದು ಮಧ್ಯಾಹ್ನ ತಿಂಗಳ ಸಭೆ ನಡೆಯುತ್ತಿತ್ತು. ಮಂಡಲದ ಗಡಿಯಲ್ಲಿ ಒಂದು ಸ್ವಾಗತ ಕಮಾನು ಕಟ್ಟಬೇಕೆಂದು ಪ್ರಧಾನರು ಉತ್ಸಾಹದಲ್ಲಿ ವಿವರಿಸುತ್ತಿದ್ದರು. ಕೆಳಗಿನಿಂದ ಯಾರೋ ಕರೆದ ಹಾಗಾಯಿತು. ಎದ್ದು ಹೋಗಿ ಕಟಕಟೆಯಿಂದ ಬಗ್ಗಿ ನೋಡಿದೆ. ಮೆಟ್ಟಿಲಿನ ಬುಡದಲ್ಲಿ ಅಪ್ಪಿ ಅಜ್ಜಿ. ನರ್ಸಕ್ಕನ ಊರಿನ ಆಚೆ ತುದಿಯ ಗುಡ್ಡದವರು, ಬೀಡಿ ಕಟ್ಟಿ ಕಟ್ಟಿ ಬೆರಳು ಸೊಟ್ಟಗಾದವರು. ಮಾಸಿದ ಕೊಡೆಯನ್ನು ಊರಿಕೊಂಡು ಮುಖ ಮೇಲೆತ್ತಿ ನಿಂತಿದ್ದರು.

"ಎಂತ ಅಜ್ಜಿ?"

"ಪೋಸ್ಟಿನವ ಮೂರು ತಿಂಗಳಿಂದ ವೇತನದ ದುಡ್ಡು ಹಿಡ್ಕೊಂಡು ಮನೆಗೆ ಬರ್ಲಿಲ್ಲ. ಕೇಳಿದರೆ, ಅಜ್ಜಿ ನೀವು ಸತ್ತಿದ್ದೀರಂತೆ, ಪಂಚಾಯತಿಯಲ್ಲಿ ಬರೆದಿದ್ದಾರಂತೆ ಹೇಳ್ತಾನೆ." ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಂತರು. "ಇಲ್ಲಪ್ಪ, ನಾನು ಇದ್ದೇನೆ. ಹೇಳಿ ಹೋಗುವ ಅಂತ ಬಂದೆ."

"ನಡೆದುಕೊಂಡು ಬಂದದ್ದಾ?"

"ಬಸ್ಸು ತಪ್ಪಿತು."

"ಆಯ್ತು ಅಜ್ಜಿ, ಒಳಗೆ ಮೀಟಿಂಗ್ ಉಂಟು. ನೀವು ಮೇಲೆ ಬನ್ನಿ, ಬಂದು ಕೂತುಕೊಳ್ಳಿ," ಎಂದು ಹೇಳಿ ನಾನು ಒಳಗೆ ಬಂದೆ.

ಮೇಲೆ ಬನ್ನಿ. ನಾನು ಅಂದದ್ದು ಇಷ್ಟೇ. ಕೆಟ್ಟ ಮಾತಲ್ಲ. ಬೈಗುಳವಲ್ಲ. ಮರ್ಯಾದೆಯಿಂದಲೇ ಕರೆದದ್ದು.

ಕಮಾನಿನ ಮೇಲೆ ಸಿಂಹ ಇರಬೇಕೋ ಕಳಶ ಇರಬೇಕೋ ಎಂಬ ಚರ್ಚೆ ಅರ್ಧಕ್ಕೆ ಬಂದಿರಬಹುದು. ನೀರಿನ ಲೋಟಗಳನ್ನು ತರಲು ಕೆಳಗೆ ಹೋಗಿದ್ದ ಸುಂದರ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತ. ಅವನು ಹೇಳುವ ಮೊದಲೇ ನರ್ಸಕ್ಕ ಕುರ್ಚಿ ತಳ್ಳಿ ಎದ್ದಿದ್ದರು. ಗೋಡೆ ಹಿಡಿದು ಎಣಿಸುತ್ತಾ ಇಳಿಯುವ ಹೆಂಗಸು ಅವತ್ತು ಇಳಿದ ವೇಗಕ್ಕೆ ನಾವು ಹಿಂದೆ ಉಳಿದೆವು.

ಅಪ್ಪಿ ಅಜ್ಜಿ ಐದನೆಯ ಮೆಟ್ಟಿಲಿನಲ್ಲಿ ಕೂತಿದ್ದರು. ತಲೆ ಗೋಡೆಗೆ ಒರಗಿತ್ತು. ಕೊಡೆ ಮಡಿಲಲ್ಲಿತ್ತು. ನಿದ್ದೆ ಹತ್ತಿದ ಹಾಗೆ. ನರ್ಸಕ್ಕ ನಾಲ್ಕನೆಯ ಮೆಟ್ಟಿಲಿನಲ್ಲಿ ಮಂಡಿಯೂರಿ ಅವರ ಮಣಿಕಟ್ಟು ಹಿಡಿದು, ತಲೆಕೆಳಗಾದ ಗಡಿಯಾರವನ್ನು ಬೆರಳಿನಿಂದ ಎತ್ತಿ ನೋಡುತ್ತಾ ಇದ್ದರು. ಎಷ್ಟು ಹೊತ್ತು! ನಾವೆಲ್ಲ ಮೇಲಿನ ಮೆಟ್ಟಿಲುಗಳಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದೆವು. ಪ್ರಧಾನರ ಕೈಯಲ್ಲಿ ಕಮಾನಿನ ನಕ್ಷೆ ಸುರುಳಿಯಾಗಿಯೇ ಇತ್ತು. ಕೊನೆಗೆ ನರ್ಸಕ್ಕ ಆ ಕೈಯನ್ನು ಮೆಲ್ಲನೆ ಮಡಿಲಿಗೆ ಇಟ್ಟರು. ತಲೆಯೆತ್ತಿ, ಅಷ್ಟೂ ಜನರ ನಡುವೆ ನನ್ನನ್ನು ಹುಡುಕಿದರು.

"ಇವರ ಹೆಸರಿನ ಮುಂದೆ ಎಂತ ಬರೆದಿದ್ದೀ?"

"ಮೃತ," ಎಂದೆ.

"ತಾಲೂಕಿಗೆ ಕಳಿಸಿದೆ ಅಂದಿಯಲ್ಲ?"

ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದರೆ ಇನ್ನು ತಿದ್ದಲಿಕ್ಕೆ ಎಂತದೂ ಇಲ್ಲ," ಎಂದರು.

ದನಿ ಏರಿಸಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಂಗಳದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ತಾನು ಇದ್ದೇನೆ ಎಂದು ಹೇಳಲು ಬಂದ ಒಬ್ಬ ಮುದುಕಿ ನನ್ನ ಅಕ್ಷರವನ್ನು ನಿಜ ಮಾಡಿ ಕೂತಿದ್ದರು.

ಮೂರು ದಿನ ನಾನು ಕಚೇರಿಗೆ ಹೋಗಲಿಲ್ಲ. ನಾಲ್ಕನೆಯ ದಿನ ರಾಜೀನಾಮೆ ಬರೆದು ನರ್ಸಕ್ಕನ ಮನೆಗೇ ಒಯ್ದೆ. ಪ್ರಧಾನರಿಗೆ ಕೊಡುವ ಮೊದಲು ಅವರಿಗೆ ತೋರಿಸಬೇಕು ಎನಿಸಿತ್ತು. ಜಗಲಿಯಲ್ಲಿ ಕೂತು ಪೂರ್ತಿ ಓದಿದರು.

"ಅಕ್ಷರ ಈಗಲೂ ಚೆಂದ ಉಂಟು," ಎಂದರು. ಆಮೇಲೆ, "ನೀನು ಮನೆಯಲ್ಲಿ ಕೂತರೆ ಅಪ್ಪಿ ಅಜ್ಜಿ ಎದ್ದು ಬರ್ತಾರಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ? ಇಷ್ಟು ದಿನ ಅವರು ನಡೆದರು. ಇನ್ನು ನೀನು ನಡಿ." ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನ ಕೈ ಹಿಡಿಯಲಿಲ್ಲ. ಅದಕ್ಕೆ ಇನ್ನೂ ಸಮಯ ಬೇಕಿತ್ತು.

ಮುಂದಿನ ಸಭೆಯಲ್ಲಿ ಅವರು ನನ್ನ ಹೆಸರೆತ್ತಿ ಮಾತನಾಡುತ್ತಾರೆಂದು ಕಾದಿದ್ದೆ. ಅವರು ಎತ್ತಲಿಲ್ಲ, ನಾನೇ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನರ್ಸಕ್ಕ ಎದ್ದರು. ಕಚೇರಿಯ ಮೂಲೆಯಲ್ಲಿ ಹಲಸಿನ ಮರದ ಒಂದು ಸಣ್ಣ ಮೇಜಿತ್ತು, ಹಳೆಯ ಪಂಚಾಯತಿನಿಂದ ಬಂದದ್ದು. ಅದರ ಮೇಲೆ ಕೈಯಿಟ್ಟು ಕೇಳಿದರು: "ಪ್ರಧಾನರೇ, ಈ ಮೇಜಿಗೆ ಎಷ್ಟು ಕಾಲು?"

"ನಾಲ್ಕು. ಎಂತಕ್ಕೆ?"

"ಅಪ್ಪಿ ಅಜ್ಜಿಗೆ?"

ಪ್ರಧಾನರು ಮೇಜಿನ ಕಾಲುಗಳನ್ನು ನೋಡಿದರು.

"ಎರಡು. ಅದರಲ್ಲೂ ಒಂದು ಹಾಳಾಗಿತ್ತು. ನಾಲ್ಕು ಕಾಲಿನದ್ದು ಇಲ್ಲಿ ಆರಾಮ ಕೂತಿತ್ತು, ಎರಡು ಕಾಲಿನದ್ದು ಬಿಸಿಲಲ್ಲಿ ನಡೆದು ಬಂತು. ಇದು ಯಾವ ನ್ಯಾಯ? ಇನ್ನು ಮೇಜೇ ಊರೂರಿನ ಬಸ್‌ಸ್ಟ್ಯಾಂಡಿಗೆ ಹೋಗಲಿ."

"ಅದೆಲ್ಲ ಸರಿ ನರ್ಸಕ್ಕ," ಎಂದರು ಪ್ರಧಾನರು ತಡವರಿಸಿ. "ಆದರೆ ಪಂಚಾಯತಿ ಮೇಜು ಅಂದ ಮೇಲೆ ಅದಕ್ಕೊಂದು ಸ್ಥಾನ ಉಂಟು. ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಇಟ್ಟರೆ ಜನ ಎಂತ ಹೇಳ್ತಾರೆ? ಕಾಯ್ದೆ ಎಂತ ಹೇಳ್ತದೆ?"

"ಕಾಯ್ದೆ ಇವನ ಹತ್ತಿರ ಉಂಟಲ್ಲ. ಮೇಜು ಎಲ್ಲಿ ಇಡಬೇಕು ಅಂತ ಬರೆದಿದೆಯಾ, ನೋಡಲಿ."

ನೋಡಿದೆ. ಸಭೆ ಎಲ್ಲಿ, ಮುದ್ರೆ ಯಾರ ಹತ್ತಿರ, ಕೋರಂ ಎಷ್ಟು, ಎಲ್ಲ ಇತ್ತು. ಮೇಜಿನ ಮಾತೇ ಇರಲಿಲ್ಲ. ‘ಇಲ್ಲ’ ಎಂದೆ. ಆಗ ಅವರು ಪ್ರಧಾನರ ಕಡೆ ತಿರುಗಿ ಸ್ವಲ್ಪ ಮೆತ್ತಗಾಗಿ ಹೇಳಿದರು: "ನಮ್ಮ ಕಾಪುವಿನಲ್ಲಿ ದೀಪಸ್ತಂಭ ಉಂಟು. ಬೆಳಕು ಬೇಕಾದರೆ ನೀನೇ ನನ್ನ ಹತ್ತಿರ ಬಾ ಅಂತ ಅದು ದೋಣಿಗೆ ಹೇಳುವುದಿಲ್ಲ. ಹತ್ತಿರ ಬಂದರೆ ಬಂಡೆಗೆ ಬಡಿದು ಸಾಯ್ತಾರೆ ಅಂತ ಅದಕ್ಕೆ ಗೊತ್ತುಂಟು. ನಮಗೂ ಈಗ ಗೊತ್ತಾಯ್ತಲ್ಲ."

ಅವತ್ತು ಮೇಜು ನಡೆಯುವುದೆಂದು ನಿರ್ಣಯವಾಯಿತು. ಕಮಾನಿನ ನಕ್ಷೆಯನ್ನು ಪ್ರಧಾನರೇ ಮಡಿಸಿ ಕಪಾಟಿಗೆ ಹಾಕಿದರು. ಮತ್ತೆ ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ.

ವಾರದಲ್ಲಿ ನಾಲ್ಕು ದಿನ, ಊರಿಗೊಂದು ದಿನದಂತೆ, ನಾನು, ಸುಂದರ, ಮೇಜು ಬೆಳಗ್ಗಿನ ಬಸ್ಸಿಗೆ. ಮೇಜನ್ನು ಬಸ್ಸಿನ ಮಾಡಿನ ಮೇಲೆ ಹಗ್ಗದಲ್ಲಿ ಕಟ್ಟುತ್ತಿದ್ದೆವು. ಮೊದಲ ದಿನ ಕಂಡಕ್ಟರ್, "ಪಂಚಾಯತಿಗೆ ಫುಲ್ ಟಿಕೆಟಾ, ಹಾಫಾ?" ಎಂದು ಕೇಳಿ ಬಸ್ಸಿಗೆ ಬಸ್ಸೇ ನಗುವ ಹಾಗೆ ಮಾಡಿದ. ತಮ್ಮ ಊರಿನ ನಿಲ್ದಾಣದಲ್ಲಿ ನರ್ಸಕ್ಕ ಆಗಲೇ ಬಿ.ಪಿ. ನೋಡುವ ಪೆಟ್ಟಿಗೆ ಹಿಡಿದು ನಿಂತಿದ್ದರು. ಮೇಜನ್ನು ಹಳೆಯ ಬೆಂಚಿನ ಎದುರು ಇಟ್ಟೆವು. ನೆಲ ಸಮ ಇರಲಿಲ್ಲ. ಮೇಜು ಕುಂಟಿತು. ನರ್ಸಕ್ಕ ಸೊಂಟದಿಂದ ಒಂದು ಕಾಗದ ತೆಗೆದು ನಾಲ್ಕಾಗಿ ಮಡಿಸಿ ಕಾಲಿನ ಅಡಿಗೆ ಕೊಟ್ಟರು. ಬಗ್ಗಿ ನೋಡಿದೆ. ನನ್ನ ರಾಜೀನಾಮೆ.

"ಈಗ ಸರಿ ಕೂತಿತು. ಬರಿ," ಎಂದರು.

ಆ ದಿನ ಬಂದವರನ್ನು ನೋಡಿ ನಾನು ದಂಗಾದೆ. ಇಷ್ಟು ಮುದುಕರು ಈ ಊರಿನಲ್ಲಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಎಲ್ಲರ ಹೆಸರನ್ನೂ ನನ್ನ ಕೈಯಾರೆ ಬರೆದಿದ್ದೆ. ಹೆಸರಿಗೆ ಬೆನ್ನು ಬಾಗಿರುವುದಿಲ್ಲ, ಕೈ ನಡುಗುವುದಿಲ್ಲ. ಸೊಸೆಯ ಭುಜ ಹಿಡಿದು ಬಂದವರು, ಕೋಲೂರಿ ಬಂದವರು, ತಳ್ಳುಗಾಡಿಯಲ್ಲಿ ಕೂತು ಬಂದವರು ಒಬ್ಬರು. ‘ಮೃತ’ರಲ್ಲಿ ಒಬ್ಬರಾದ ದೂಮಣ್ಣ ಅಜ್ಜ ತಲೆಗೆ ಹೊಸ ಮುಂಡಾಸು ಸುತ್ತಿ ಬಂದು ಮೇಜಿನ ಎದುರು ಎದೆಯುಬ್ಬಿಸಿ ನಿಂತರು.

"ಏ ಗುಮಾಸ್ತ, ನಾನು ಸತ್ತದ್ದು ಯಾವ ವಾರ? ನನ್ನ ತಿಥಿಗೆ, ಬೊಜ್ಜದ ಊಟಕ್ಕೆ ಪಾಯಸ ಇತ್ತಾ ಇಲ್ವಾ?"

"ಪಾಯಸ ಇತ್ತು, ನಿಮ್ಮನ್ನು ಕರೆಯಲಿಕ್ಕೆ ಮರೆತದ್ದು," ಎಂದರು ನರ್ಸಕ್ಕ ತೋಳಿಗೆ ಪಟ್ಟಿ ಸುತ್ತುತ್ತಾ. "ಮಾತಾಡಬೇಡಿ. ಬಿ.ಪಿ. ಏರ್ತದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ತಲೆತಗ್ಗಿಸಿ ಕೆಂಪು ಅಕ್ಷರವನ್ನು ಹೊಡೆದು ಹಾಕಿದೆ. ಹೀಗೆ ಒಬ್ಬೊಬ್ಬರಾಗಿ ಬದುಕಿ ಬಂದರು. ಒಂದು ಹೆಸರನ್ನು ಮಾತ್ರ ಮುಟ್ಟಲಾಗಲಿಲ್ಲ. ಮೇಜು ಎತ್ತುವ ಹೊತ್ತಿಗೆ ನರ್ಸಕ್ಕ ನನ್ನನ್ನು ನಿಲ್ಲಿಸಿ, "ಇನ್ನು ಮುಂದೆ ಯಾರಾದರೂ ‘ಹೋದರು’ ಅಂತ ಹೇಳಿದರೆ ನೀನು ಪೆನ್ನು ಮುಟ್ಟುವ ಮೊದಲು ಎಂತ ಕೇಳಬೇಕು?" ಎಂದರು.

"ಯಾವಾಗ?"

"ಅಲ್ಲ ಮಾರಾಯ. ‘ಎಲ್ಲಿಗೆ?’ ಅಂತ ಕೇಳು. ಬೊಂಬಾಯಿಗಾ, ಮಗಳ ಮನೆಗಾ, ಆಸ್ಪತ್ರೆಗಾ. ಎಲ್ಲಿಗೆ ಅಂತ ಕೇಳದೆ ಯಾರನ್ನೂ ಕೊಲ್ಲಬೇಡ." ಅವತ್ತು ನನ್ನ ಮಣಿಕಟ್ಟು ಹಿಡಿದರು.

ಆಮೇಲೆ ಅದು ನನಗೆ ಬಾಯಿಪಾಠವೇ ಆಗಿಹೋಯಿತು. ಜನ ನನ್ನನ್ನು ‘ಎಲ್ಲಿಗೆ ಗುಮಾಸ್ತ’ ಎಂದು ಕರೆಯತೊಡಗಿದರು. ಬೇಸರವಿರಲಿಲ್ಲ. ಆ ಹೆಸರು ನನಗೆ ಬೇಕಾಗಿತ್ತು.

ನರ್ಸಕ್ಕ ಅಷ್ಟಕ್ಕೆ ಬಿಡುವವರಲ್ಲ. ಉಪಕೇಂದ್ರದ ಹೆರಿಗೆ ಕೋಣೆಗೆ ಬೀಗ ಬಿದ್ದೇ ಇರುತ್ತಿತ್ತು. ಹೆರಿಗೆಗೆ ಈಗ ಎಲ್ಲರೂ ಉಡುಪಿಗೋ ಮಣಿಪಾಲಕ್ಕೋ ಹೋಗುವವರು. ಆ ಕೋಣೆಯನ್ನು ಹಿರಿಯರಿಗೆ ಬಿಟ್ಟುಕೊಡಿ ಎಂದು ಅವರು ಸಭೆಯಲ್ಲಿ ಕೇಳಿದಾಗ ನಮಗೆಲ್ಲ ಮೈ ಜುಮ್ಮೆಂದಿತು. ತನ್ನ ಕೋಣೆಯನ್ನು, ತಾನು ಒಂದು ಆಯುಷ್ಯ ಸವೆಸಿದ ಕೋಣೆಯನ್ನು, ತಾನೇ ಖಾಲಿ ಮಾಡಿಸುವುದೇ! "ಬಾಗಿಲ ಮೇಲೆ ತಾಯಿ-ಶಿಶು ಅಂತ ಬೋರ್ಡು ಉಂಟಲ್ಲ ನರ್ಸಕ್ಕ," ಎಂದರು ಪ್ರಧಾನರು. "ಇರಲಿ ಬಿಡಿ. ಮುದುಕರನ್ನೂ ಕೈ ಹಿಡಿದು ನಡೆಸಬೇಕು, ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸಬೇಕು, ಹೇಳಿದ್ದು ಕೇಳುವುದಿಲ್ಲ. ಬೋರ್ಡು ಸುಳ್ಳಾಗುವುದಿಲ್ಲ," ಎಂದರು. ಅನುಮತಿಗಾಗಿ ತಾಲೂಕಿಗೆ ಬರೆದೆವು. ಕಾಗದ ಇನ್ನೂ ಸುತ್ತುತ್ತಿರುವಾಗಲೇ ಬೀಗ ತೆರೆದಿತ್ತು.

ಉಡುಪಿಯ ಆ ಸಭೆಯಲ್ಲಿ ಅಧಿಕಾರಿ ಚಹಾದ ಕಪ್ ಕೆಳಗಿಟ್ಟು ಈ ಕತೆಯನ್ನೆಲ್ಲ ನಿಂತೇ ಕೇಳಿದರು. ದೂಮಣ್ಣನ ಮಾತಿಗೆ ಜೋರಾಗಿ ನಕ್ಕರು. ಐದನೆಯ ಮೆಟ್ಟಿಲಿನ ಮಾತಿಗೆ ಅವರ ಮುಖ ಬಿಳುಚಿತು. ಕೊನೆಗೆ, "ಈ ವ್ಯವಸ್ಥೆಯನ್ನು ಬೇರೆ ಮಂಡಲಗಳಿಗೂ ತರಬಹುದಲ್ಲ. ಹೆಚ್ಚುವರಿಯಾಗಿ ಏನು ಬೇಕಾಗುತ್ತದೆ?" ಎಂದು ಕೇಳಿದರು.

ನರ್ಸಕ್ಕ ಸ್ವಲ್ಪ ಯೋಚಿಸಿದರು. "ಒಂದು ಹಗ್ಗ," ಎಂದರು. "ಬಸ್ಸಿನ ಮೇಲೆ ಮೇಜು ಕಟ್ಟಲಿಕ್ಕೆ."

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವರ ಊರಿನ ಸರದಿ ಗುರುವಾರ. ಹಿಂದಿನ ಗುರುವಾರ ನನ್ನೊಡನೆ ಬೆಂಚಿನಲ್ಲಿ ಕೂತು ಅವಲಕ್ಕಿ ತಿಂದಿದ್ದರು. ಕಾಪುವಿನಲ್ಲಿ ತಮ್ಮನ ಮನೆಗೆ ಹೋಗಿ ಎರಡು ದಿನ ಇದ್ದು ಬರಬೇಕು, ಸಮುದ್ರ ನೋಡದೆ ಕಣ್ಣು ಒಣಗಿದೆ ಎಂದಿದ್ದರು. ಗಟ್ಟಿಮುಟ್ಟಾಗಿಯೇ ಇದ್ದರು. ನನ್ನ ಬಿ.ಪಿ. ನೋಡಿ ಉಪ್ಪಿನಕಾಯಿ ಬಿಡು ಎಂದು ಗದರಿಸಿದ್ದರು.

ಆ ಗುರುವಾರ ಮೇಜು ಇಳಿಸಿದೆವು. ಕಾಲಿನ ಅಡಿಗೆ ಕಾಗದ ಕೊಟ್ಟೆವು. ಸಾಲು ನಿಂತಿತು. ನಾನು ಪುಸ್ತಕ ಬಿಡಿಸುವ ಗಡಿಬಿಡಿಯಲ್ಲಿದ್ದೆ. ಬಿ.ಪಿ. ಪೆಟ್ಟಿಗೆಯನ್ನು ನರ್ಸಕ್ಕನ ಪಕ್ಕದ ಮನೆಯ ಲಿಲ್ಲಿಬಾಯಿ ತಂದು ಮೇಜಿನ ಮೇಲಿಟ್ಟರು.

"ನರ್ಸಕ್ಕ ಬರ್ಲಿಲ್ವಾ ಬಾಯಿ?"

"ನರ್ಸಕ್ಕ ಹೋದರು," ಎಂದರು ಲಿಲ್ಲಿಬಾಯಿ.

ಕಾಪುವಿಗೆ ಇರಬೇಕು ಎಂದುಕೊಂಡೆ. ಆದರೂ ಅವರೇ ಕಲಿಸಿದ ಪಾಠ, ಬಾಯಿ ತಾನಾಗಿ ತೆರೆಯಿತು.

"ಎಲ್ಲಿಗೆ?"

ಲಿಲ್ಲಿಬಾಯಿ ನನ್ನನ್ನೇ ನೋಡಿದರು. ಸಾಲಿನ ಮುಂದಿದ್ದ ದೂಮಣ್ಣ ಅಜ್ಜ ತಲೆಯ ಮುಂಡಾಸನ್ನು ಮೆಲ್ಲನೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಅವರ ಹಿಂದೆ ಇದ್ದವರು ನೆಲ ನೋಡಿದರು. ಲಿಲ್ಲಿಬಾಯಿ ಸೆರಗಿನ ಗಂಟು ಬಿಚ್ಚಿ, ಪಿನ್ನು ಸಹಿತ ಆ ಪುಟ್ಟ ಗಡಿಯಾರವನ್ನು ಪುಸ್ತಕದ ಪಕ್ಕದಲ್ಲಿಟ್ಟರು. ಅದು ಇನ್ನೂ ನಡೆಯುತ್ತಿತ್ತು.

ಪುಸ್ತಕದಲ್ಲಿ ಅವರ ಹೆಸರಿನ ಪುಟ ತೆರೆದೆ. ಒಮ್ಮೆ ನಾನು ಕೆಂಪು ಶಾಯಿಯಲ್ಲಿ ಬರೆದು, ಆಮೇಲೆ ಹೊಡೆದು ಹಾಕಿದ ಜಾಗ ಹಾಗೆಯೇ ಇತ್ತು. ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ. ಸುಂದರನ ಹತ್ತಿರ ಪೆನ್ಸಿಲು ಕೇಳಿದೆ.